ಬೀಗದ ಕೈ ಕೊಡದ ಹೆಂಗಸು

ನನ್ನ ಓದು ಬರಹಕ್ಕೆ ಸಹಾಯ ಮಾಡದವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ಅದೇ ನನ್ನ ದೂರು. ಕೆಲವರಿಗೆ ಪುಸ್ತಕ ಹರಿದು ಒಲೆಗೆ ಹಾಕಿದ ಅಪ್ಪ ಇರುತ್ತಾನೆ, ಹೆಣ್ಣುಮಗು ಓದಿ ಎಂತ ಆಗ್ಲಿಕ್ಕುಂಟು ಎನ್ನುವ ಅಜ್ಜಿ ಇರುತ್ತಾಳೆ. ಅಂಥವರಿಗೆ ಜಗಳ ಮಾಡಲು ಎದುರಿಗೆ ಒಂದು ಮುಖವಾದರೂ ಇರುತ್ತದೆ. ನನಗೆ ಸಿಕ್ಕಿದವರೆಲ್ಲ ಒಳ್ಳೆಯವರು. ಓದು ಎಂದವರು, ಬರೆ ಎಂದವರು, ಬೆನ್ನು ತಟ್ಟಿದವರು, ಕೈ ಹಿಡಿದು ಬರೆಸಿದವರು. ಬರೆಯಲು ಬಂದ ಮೇಲೂ ಹಿಡಿದ ಕೈ ಬಿಡದವರು. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಂಡರೆ ಉಪಕಾರ ಸ್ಮರಣೆ ಇಲ್ಲದವಳು ಎನ್ನುತ್ತಾರೆ. ಎನ್ನಲಿ, ನನಗೇನೂ ಬೇಸರವಿಲ್ಲ.

ನಮ್ಮ ಮನೆ ಗಡಿಯಾಚೆ ಕೇರಳದ ಬಂದ್ಯೋಡಿನಲ್ಲಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ಸ್ವಲ್ಪ ಒಳಗೆ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬಂದು ನನ್ನ ಮತ್ತು ಅಣ್ಣನ ಎತ್ತರ ನೋಡಿ ಹೋಗುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದಳು. ರಜಾದಿನದ ಮಧ್ಯಾಹ್ನ ಊಟ ಮುಗಿಸಿ ನೆರೆಕರೆಯ ಹೆಂಗಸರೂ ತಮ್ಮ ತಮ್ಮ ತಡ್ಪೆ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಅಕ್ಕಿ ಕೇರುವ ಆ ತಡ್ಪೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಜಗಲಿಯಲ್ಲಿ ಕಾಲು ಚಾಚಿ ಕೂತರೆ ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡಲು ಹೋಗುವವರೆಗೆ ಏಳುವುದಿಲ್ಲ. ನನ್ನ ಕೆಲಸ, ಸುರುಟಿದ ಬೀಡಿಯ ಬಾಯಿ ಮಡಚುವುದು. ಉಗುರಿನ ಸಂದಿ ಕಪ್ಪಾಗುವ, ಸೀನು ಬರುವ, ಮುಗಿಯದ ಕೆಲಸ.

ಹಿಂದೆ ದೊಡ್ಡ ಬೀಡಿ ಶೆಡ್ಡುಗಳಲ್ಲಿ ಒಬ್ಬ ಗಟ್ಟಿಯಾಗಿ ಪೇಪರು ಓದುವುದು, ಅವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿಕೊಡುವುದು ಎಂಬ ಕ್ರಮ ಇತ್ತಂತೆ. ಶೆಡ್ಡುಗಳು ಮುಚ್ಚಿ ಕೆಲಸ ಮನೆಮನೆಗೆ ಬಂದ ಮೇಲೂ ನಮ್ಮ ಜಗಲಿಯಲ್ಲಿ ಆ ಕ್ರಮ ಉಳಿದಿತ್ತು. ಹೆಂಗಸರೆಲ್ಲ ಸೇರಿ ಒಂದು ಕನ್ನಡ ವಾರಪತ್ರಿಕೆ ತರಿಸುತ್ತಿದ್ದರು. ಮಂಗಳೂರಿನಿಂದ ಬಸ್ಸಿನಲ್ಲಿ ಬರುವ ಕಟ್ಟಿನಲ್ಲಿ ಅದು ಇರುತ್ತಿತ್ತು. ಆ ಜಗಲಿಯಲ್ಲಿ ಅದನ್ನು ಓದಲು ಬರುವುದು ನನಗೊಬ್ಬಳಿಗೇ. ಅಮ್ಮನಿಗೆ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಉಳಿದವರಲ್ಲಿ ಒಬ್ಬಿಬ್ಬರಿಗೆ ಅಕ್ಷರ ಗೊತ್ತು, ಕೂಡಿಸಿ ಓದುವ ತಾಳ್ಮೆ ಇಲ್ಲ. ಹಾಗಾಗಿ ನಾನು ಓದಿದರೆ ನನ್ನ ಪಾಲಿನ ಬಾಯಿ ಮಡಚುವ ಕೆಲಸ ಉಳಿದವರದ್ದು. ನಾನು ಓದಲು ಕಲಿತದ್ದು ಹೀಗೆ, ಸರಸ್ವತಿಯ ಮೇಲಿನ ಭಕ್ತಿಯಿಂದಲ್ಲ, ಹೊಗೆಸೊಪ್ಪಿನ ಘಾಟಿನಿಂದ ತಪ್ಪಿಸಿಕೊಳ್ಳಲು.

ಆದರೆ ಓದಲು ಬಿಡಬೇಕಲ್ಲ! ಅವರ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಧಾರಾವಾಹಿಯಲ್ಲಿ ಬೆಳಗಾಗುವ ವರ್ಣನೆ ಬಂತೆಂದರೆ, “ಆ ಸೂರ್ಯನನ್ನು ಬಿಡು, ಅವಳೆಂತ ಮಾಡಿದ್ಲು ಹೇಳು.” ಗಂಡ ಹೆಂಡತಿ ಸುಮ್ಮನೆ ಕೂತು ಮಾತಾಡುವ ಪುಟ ಬಂದರೆ, “ದಾಟು, ದಾಟು.” ಅಡುಗೆಯ ಪುಟ ಎರಡು ಸಲ ಓದಬೇಕು. ನನಗೆ ಬೇಕಾದದ್ದು ಅವರು ದಾಟು ಎಂದ ಪುಟಗಳೇ. ಒಂದು ಮುಂಜಾವಿಗೆ ಯಾರಾದರೂ ಅಷ್ಟು ಮಾತು ಖರ್ಚು ಮಾಡುತ್ತಾರೆಂದರೆ ಅದರಲ್ಲಿ ಎಂಥದೋ ಇರಬೇಕು ಎಂದು ನನ್ನ ಗುಮಾನಿ. ಆಮೇಲೆ ಒಬ್ಬಳೇ ಓದೋಣ ಎಂದರೆ ಪತ್ರಿಕೆ ನೆರೆಮನೆಗೆ ಹೋಗಿರುತ್ತಿತ್ತು. ಯಾರಿಗೂ ಓದಲು ಬಾರದಿದ್ದರೂ ಚಿತ್ರ ನೋಡಲು ಅದು ಮನೆಯಿಂದ ಮನೆಗೆ ಸುತ್ತಲೇಬೇಕು.

ವಾಚನಾಲಯ ಇತ್ತಲ್ಲ ಎಂದು ಕೇಳಬಹುದು. ಇತ್ತು. ಕೇರಳದಲ್ಲಿ ವಾಚನಾಲಯ ಇಲ್ಲದ ಊರಿಲ್ಲ ಎಂದು ನಾವು ಜಂಬ ಕೊಚ್ಚುತ್ತೇವೆ. ನಮ್ಮೂರಿನದ್ದರಲ್ಲಿ ಮುಂದಿನ ಕೋಣೆಯಲ್ಲಿ ಗಂಡಸರ ಕೇರಂ, ಒಳಗಿನ ಕೋಣೆಯಲ್ಲಿ ಮಲಯಾಳ ಪುಸ್ತಕಗಳು, ಗೋಡೆಯ ಬದಿಯಲ್ಲಿ ಕನ್ನಡದ ಒಂದೇ ಒಂದು ಗಾಜಿನ ಕಪಾಟು. ಗಾಜಿನಿಂದ ಪುಸ್ತಕಗಳ ಬೆನ್ನು ಕಾಣುತ್ತದೆ, ಹೆಸರು ಓದಬಹುದು. ಕಪಾಟಿಗೆ ಬೀಗ. ಬೀಗದ ಕೈ ಎಲ್ಲಿ ಎಂದು ಕೇಳಿದರೆ, ಅದು ಹಳೆಯ ಕಾರ್ಯದರ್ಶಿಯ ಹತ್ತಿರ ಇದೆ ಎಂದರು. ಹಳೆಯ ಕಾರ್ಯದರ್ಶಿ ಎಲ್ಲಿ? ಗಲ್ಫಿನಲ್ಲಿ. ಬೀಗದ ಕೈ ಜೇಬಿನಲ್ಲಿಟ್ಟುಕೊಂಡೇ ವಿಮಾನ ಹತ್ತಿದ್ದರು ಪುಣ್ಯಾತ್ಮರು. ಬೀಗ ಒಡೆಯಲು ಸಮಿತಿಯ ಸಭೆ ಸೇರಬೇಕು, ಸಭೆಗೆ ಕೋರಂ ಆಗುವುದಿಲ್ಲ, ಯಾಕೆಂದರೆ ಸಮಿತಿಯ ಅರ್ಧಕ್ಕರ್ಧ ಜನ ಗಲ್ಫಿನಲ್ಲೇ ಇದ್ದಾರೆ. ನಾನು ಹೈಸ್ಕೂಲು ಮುಗಿಸುವವರೆಗೂ ಆ ಕಪಾಟು ತೆರೆಯಲಿಲ್ಲ. ಅಲ್ಲಿನ ಪುಸ್ತಕಗಳ ಹೆಸರು ಮಾತ್ರ ನನಗೆ ಬಾಯಿಪಾಠ.

ಒಂಬತ್ತನೆಯ ತರಗತಿಯಲ್ಲಿರುವಾಗ, ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಧಾರಾವಾಹಿ ಒಂದು ಕುತ್ತಿಗೆಗೆ ಬಂದ ಜಾಗದಲ್ಲಿ ನಿಂತಿತ್ತು. ಗಂಡ, ಅತ್ತೆ, ನಾದಿನಿ ಎಲ್ಲರೂ ಮದುವೆಗೆಂದು ಪರವೂರಿಗೆ ಹೋಗಿದ್ದಾಗ ಸೊಸೆ ಸೂಟ್‌ಕೇಸ್ ಹಿಡಿದುಕೊಂಡು ಮನೆ ಬಿಟ್ಟಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ನಿಲ್ಲಿಸಿ ಬರೆಯುವವರು ‘ಮುಂದಿನ ವಾರಕ್ಕೆ’ ಎಂದಿದ್ದರು. ಜಗಲಿಯಲ್ಲಿ ಎರಡು ಪಕ್ಷ ಆಯಿತು. ತಾಯಿಮನೆಗೆ ಹೋಗುತ್ತಾಳೆ ಎಂದು ಕೆಲವರು, ಗಂಡನ ಮನೆಗೇ ತಿರುಗಿ ಹೋಗುತ್ತಾಳೆ ಎಂದು ಕೆಲವರು. ಇಡೀ ವಾರ ಬಾವಿಕಟ್ಟೆಯಲ್ಲಿ, ಬ್ರಾಂಚಿನಲ್ಲಿ ಇದೇ ಚರ್ಚೆ. ಪತ್ರಿಕೆ ಬರಬೇಕಾದ ದಿನ ಹರ್ತಾಳ. ಯಾವ ಪಕ್ಷದ್ದು, ಯಾವುದಕ್ಕೆ ಎಂದು ಈಗ ನೆನಪಿಲ್ಲ, ಆಗಲೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಬಸ್ಸಿಲ್ಲ, ಅಂಗಡಿಯಿಲ್ಲ, ಶಾಲೆಯಿಲ್ಲ. ಪತ್ರಿಕೆಯೂ ಇಲ್ಲ.

ಬೀಡಿಗೆ ಹರ್ತಾಳ ಇಲ್ಲ. ಹೆಂಗಸರು ಬಂದರು, ತಡ್ಪೆ ಇಟ್ಟುಕೊಂಡರು, ನನ್ನ ಖಾಲಿ ಕೈ ನೋಡಿದರು. ಆವತ್ತು ನನಗೂ ತಡ್ಪೆ ಕೊಡುತ್ತಾರೆ ಎಂದು ಗೊತ್ತಾದ ಕೂಡಲೇ ನಾನು ಬಾಯಿ ಬಿಟ್ಟೆ. “ಮುಂದಿನದ್ದು ನಾನು ಹೇಳ್ತೇನೆ.”

“ನಿಂಗೆ ಹೇಗೆ ಗೊತ್ತು?”

“ಗೊತ್ತುಂಟು.”

ಎಂತ ಗೊತ್ತಿತ್ತು, ಮಣ್ಣು! ಸೊಸೆಯನ್ನು ಬಸ್ಸು ಹತ್ತಿಸಿದೆ. ಕಿಟಕಿಯ ಬದಿಯಲ್ಲಿ ಕೂರಿಸಿದೆ. ಮುಂದೆ ಏನು ಎಂದು ಎಲ್ಲರೂ ಕೈ ನಿಲ್ಲಿಸಿ ನನ್ನ ಮುಖ ನೋಡುವಾಗ ವಾಚನಾಲಯದ ಕಪಾಟು ಕಣ್ಣೆದುರು ಬಂತು. “ಕೂತಾಗ ಸೊಂಟಕ್ಕೆ ಏನೋ ಒತ್ತಿತು. ಮುಟ್ಟಿ ನೋಡಿದರೆ ಮನೆಯ ಬೀಗದ ಕೈ,” ಎಂದೆ. ಹೊರಡುವಾಗ ಅಭ್ಯಾಸಬಲದಿಂದ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು! ಅತ್ತ ಮದುವೆಯೂಟ ಉಂಡು ಬಂದ ಗಂಡ, ರೇಷ್ಮೆ ಸೀರೆ ಉಟ್ಟ ಅತ್ತೆ, ನಾದಿನಿ ಅಂಗಳದಲ್ಲಿ ನಿಂತಿದ್ದಾರೆ. ಅತ್ತೆಗೆ ಅವಸರದಲ್ಲಿ ಒಳಗೆ ಹೋಗಬೇಕಾಗಿದೆ. ನಾದಿನಿ ಕಿಟಕಿಯ ಸರಳು ಅಲ್ಲಾಡಿಸುತ್ತಿದ್ದಾಳೆ. ಗಂಡ ಸೊಸೆಯ ಹೆಸರು ಹಿಡಿದು ಕರೆಯುತ್ತಿದ್ದಾನೆ, ಮದುವೆಯಾದ ಮೇಲೆ ಮೊದಲ ಸಲ.

ಹೆಂಗಸರು ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ. ಒಬ್ಬರ ತಡ್ಪೆ ಮಗುಚಿ ಹೊಗೆಸೊಪ್ಪು ಜಗಲಿಯಿಡೀ ಚೆಲ್ಲಿತು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಮತ್ತೆ? ಬೀಗದ ಕೈ ಕೊಡ್ಲಿಕ್ಕೆ ತಿರುಗಿ ಹೋದ್ಲಾ?” ಎಂದು ಕೇಳಿದಳು.

“ಇಲ್ಲ. ಕೊಡ್ಲಿಕ್ಕಿಲ್ಲ.”

“ಮತ್ತೆ ಎಲ್ಲಿಗೆ ಹೋದ್ಲು? ಎಂತ ಆಯ್ತು ಮತ್ತೆ?”

“ಬರುವ ವಾರ,” ಎಂದೆ. ನನಗೂ ಗೊತ್ತಿರಲಿಲ್ಲ. ಗೊತ್ತಾಗುತ್ತದೆ ಎಂಬ ಧೈರ್ಯ ಇತ್ತು. ಅಂಥ ಧೈರ್ಯ ಮತ್ತೆ ಯಾವತ್ತೂ ಬರಲಿಲ್ಲ.

ಬರುವ ವಾರ ಪತ್ರಿಕೆ ಬಂತು, ತಪ್ಪಿದ ಸಂಚಿಕೆಯೂ ಅದರ ಜೊತೆಗೆ. ಸೊಸೆ ಅದೇ ಬಸ್‌ಸ್ಟ್ಯಾಂಡಿನಿಂದ ತಿರುಗಿ ಹೋಗಿ ಗಂಡನ ಕಾಲಿಗೆ ಬಿದ್ದಿದ್ದಳು. “ಥೂ, ನಿನ್ನದೇ ಒಳ್ಳೆದಿತ್ತು,” ಎಂದು ಒಬ್ಬರು ಅಂದರು. ಆದರೆ ನನ್ನದರ ಮುಂದಿನ ಭಾಗ ಯಾರೂ ಕೇಳಲಿಲ್ಲ. ಅಚ್ಚಾದದ್ದು ಬಂದ ಮೇಲೆ ಬಾಯಲ್ಲಿ ಹೇಳಿದ್ದನ್ನು ಯಾರು ಕೇಳುತ್ತಾರೆ? ನನ್ನ ಹೆಂಗಸು ಬಸ್ಸಿನಲ್ಲೇ ಉಳಿದಳು.

ನಾನು ಅವಳನ್ನು ಬಿಡಲಿಲ್ಲ. ಹತ್ತನೆಯ ತರಗತಿಗೆ ಬಂದ ವರ್ಷ ಅವಳ ಕತೆಯನ್ನು ಬರೆದೆ. ಧಾರಾವಾಹಿಯ ಗೊಡವೆ ಬಿಟ್ಟು, ಅವಳಿಗೆ ನಮ್ಮ ಕಡೆಯದೇ ಮನೆ, ನಮ್ಮ ಕಡೆಯದೇ ಬಸ್ಸು, ಬಂದ್ಯೋಡಿನಂಥದೇ ಒಂದು ಪೇಟೆ ಕೊಟ್ಟು, ನನಗೆ ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಂತು ಬರೆದೆ. ದಾಟು ದಾಟು ಎನ್ನುವವರು ಯಾರೂ ಇರಲಿಲ್ಲ. ಬಸ್ಸಿನ, ಮಳೆಗೆ ಇಳಿಬಿಡುವ ಟಾರ್ಪಾಲಿನ ಕಿಟಕಿಗೇ ಅರ್ಧ ಪುಟ ಕೊಟ್ಟಿದ್ದೆ. ಕತೆ ಅವಳು ಬಸ್ಸಿನಲ್ಲಿ ಕೂತಿರುವಲ್ಲಿಗೇ ಮುಗಿಯುತ್ತಿತ್ತು. ಆಮೇಲಿನದ್ದನ್ನು ನಿಧಾನವಾಗಿ ಬರೆಯೋಣ ಎಂದುಕೊಂಡಿದ್ದೆ. ಅದನ್ನು ಕನ್ನಡ ಸರ್‌ಗೆ ತೋರಿಸಿದೆ.

ಸರ್ ಬಗ್ಗೆ ಕೆಟ್ಟದಾಗಿ ಬರೆಯಲು ನನಗೆ ಕಾರಣವೇ ಸಿಗುವುದಿಲ್ಲ, ಅದೇ ಕಷ್ಟ. ಶಾಲೆ ಬಿಟ್ಟ ಮೇಲೂ ಕೂತು ಪಾಠ ಮಾಡುತ್ತಿದ್ದರು. ಮನೆಯಿಂದ ಪುಸ್ತಕ ತಂದು ಕೊಡುತ್ತಿದ್ದರು, ಕ್ಯಾಲೆಂಡರಿನ ಹಾಳೆಯ ಬೈಂಡು ಹಾಕಿ. ಕನ್ನಡದ ಮಕ್ಕಳು ಮಲಯಾಳದ ಮಕ್ಕಳಿಗಿಂತ ಹಿಂದೆ ಬೀಳಬಾರದು ಎಂದು ಅವರಿಗೆ ಹಗಲಿರುಳೂ ಚಿಂತೆ. ಆ ಚಿಂತೆಗೆ ಅವರಿಗೆ ಸಿಕ್ಕಿದ ಔಷಧ ಕಲೋತ್ಸವ. ಶಾಲೆಗಳ ಕಲೋತ್ಸವದಲ್ಲಿ ಕತೆ ಬರೆಯುವ ಸ್ಪರ್ಧೆ ಉಂಟು. ಉಪಜಿಲ್ಲೆಯಲ್ಲಿ ಗೆದ್ದರೆ ಜಿಲ್ಲೆ, ಜಿಲ್ಲೆಯಲ್ಲಿ ಗೆದ್ದರೆ ರಾಜ್ಯ. ರಾಜ್ಯಕ್ಕೆ ಹೋಗಿ ಎ ಗ್ರೇಡ್ ಬಂದರೆ ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕು. ಆ ಮಾರ್ಕು ಸಿಕ್ಕಿದರೆ ಬೇಕಾದ ಕಡೆ ಪ್ಲಸ್ ಟು ಸೀಟು. ಕತೆ ಎಂಬುದಕ್ಕೆ ಇಷ್ಟೆಲ್ಲ ಬಾಲ ಉಂಟೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸರ್ ನನ್ನ ಕತೆ ಓದಿ ಕನ್ನಡಕ ತೆಗೆದರು. “ನಿನ್ನಲ್ಲಿ ಪ್ರತಿಭೆ ಉಂಟು, ಮಾರಾಯ್ತಿ,” ಎಂದರು. ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು, ಅಷ್ಟು ಖುಷಿ. “ಆದರೆ ಇದರಲ್ಲಿ ಸಂದೇಶ ಎಂತ?”

“ಸಂದೇಶ ಇಲ್ಲ ಸರ್. ಅವಳು ಬೀಗದ ಕೈ ಕೊಡುವುದಿಲ್ಲ.”

“ಅದು ಸಂದೇಶ ಅಲ್ಲ, ಅದು ಹಟ. ತಿದ್ದಿ ಕೊಡ್ತೇನೆ.”

ತಿದ್ದಿ ಕೊಟ್ಟರು. ನನ್ನ ಹಾಳೆ ಕೊಡಲಿಲ್ಲ, ತಮ್ಮ ಚಂದದ ಅಕ್ಷರದಲ್ಲಿ ಬೇರೆಯೇ ಹಾಳೆಯಲ್ಲಿ ಬರೆದು ಕೊಟ್ಟರು. ನನ್ನದು ಎಲ್ಲಿ ಸರ್ ಎಂದು ಕೇಳಿದರೆ, ಅದಕ್ಕಿಂತ ಇದು ಒಳ್ಳೆದಿಲ್ವಾ ಎಂದು ನಕ್ಕರು. ಅವರ ಕತೆಯಲ್ಲಿ ಸೊಸೆ ಬಸ್ಸಿನಿಂದ ಇಳಿದು ತಿರುಗಿ ಬರುತ್ತಾಳೆ. ಅಂಗಳದಲ್ಲಿ ನಿಂತ ಅತ್ತೆಯ ಕೈಗೆ ಬೀಗದ ಕೈ ಕೊಡುತ್ತಾಳೆ. ಅತ್ತೆ ಅಳುತ್ತಾ ಅದನ್ನು ತಿರುಗಿ ಸೊಸೆಯ ಸೊಂಟಕ್ಕೇ ಸಿಕ್ಕಿಸುತ್ತಾಳೆ. ಕೊನೆಯ ವಾಕ್ಯ, “ಹೆಣ್ಣು ಇದ್ದರೆ ಮನೆ ತೆರೆದಿರುತ್ತದೆ.” ಟಾರ್ಪಾಲಿನ ಕಿಟಕಿ ಹೋಗಿತ್ತು. ಅವಸರದ ಅತ್ತೆ ಹೋಗಿದ್ದಳು. ಹೆಸರು ಹಿಡಿದು ಕರೆದ ಗಂಡನೂ ಹೋಗಿದ್ದ. ನನ್ನದು ಅಂತ ಉಳಿದದ್ದು ಒಂದೇ ಒಂದು ಮಾತು, ಕೂತಾಗ ಸೊಂಟಕ್ಕೆ ಏನೋ ಒತ್ತಿತು ಎಂಬುದು. ಅದಕ್ಕೆ ಯಾಕೆ ಕೈ ಹಚ್ಚಲಿಲ್ಲವೋ, ಮರೆತಿರಬೇಕು.

ವಿಷಯ ಸ್ಪರ್ಧೆಯ ಕೋಣೆಯಲ್ಲೇ ಕೊಡುತ್ತಾರಲ್ಲ, ಮೊದಲೇ ಕಲಿತು ಏನು ಪ್ರಯೋಜನ ಎಂದು ನೀವು ಕೇಳಬಹುದು. ಸರ್ ಅಂಥ ಪ್ರಶ್ನೆಗೆಲ್ಲ ಉತ್ತರ ಇಟ್ಟುಕೊಂಡವರು. ಒಂದು ಗಟ್ಟಿ ಕತೆ ಬಾಯಿಪಾಠ ಇದ್ದರೆ ಯಾವ ವಿಷಯವನ್ನೂ ಅದರೊಳಗೆ ಕೂರಿಸಬಹುದು. ವಿಷಯ ‘ಮಳೆ’ ಎಂದಾದರೆ ಸೊಸೆ ಮಳೆಯಲ್ಲಿ ಮನೆ ಬಿಡಬೇಕು. ‘ಪರಿಸರ’ ಎಂದಾದರೆ ಅಂಗಳದಲ್ಲಿ ಒಂದು ಮಾವಿನ ಮರ ಇರಬೇಕು, ಬೀಗದ ಕೈ ಕೊಡುವುದು ಅದರ ನೆರಳಿನಲ್ಲಿ. ‘ಶಾಂತಿ’ ಎಂದಾದರೆ ಎಂತದೂ ಮಾಡಬೇಕಾಗಿಲ್ಲ, ಕೊನೆಗೆ ಎಲ್ಲರೂ ಶಾಂತರಾಗುತ್ತಾರೆ. ದಿನಾ ಸಂಜೆ ಒಂದೊಂದು ವಿಷಯ ಹೇಳಿ ಕೂರಿಸುವ ಅಭ್ಯಾಸ ಮಾಡಿಸುತ್ತಿದ್ದರು. ಕೊನೆಗೆ ಆ ಅಂಗಳದಲ್ಲಿ ಏನೇನು ಇತ್ತೆಂದರೆ, ಸೊಸೆಗೆ ಬಂದು ನಿಲ್ಲಲು ಜಾಗ ಇರಲಿಲ್ಲ.

ಮನೆಗೆ ಬಂದು ಅಮ್ಮನ ಹತ್ತಿರ ದೂರು ಹೇಳಿದೆ. ಅಮ್ಮ ಬೀಡಿಯಿಂದ ತಲೆ ಎತ್ತಲಿಲ್ಲ. “ಮಾಸ್ಟ್ರು ನಿನ್ನ ಒಳ್ಳೆದಕ್ಕೇ ಹೇಳುವುದಲ್ವಾ?” ಎಂದಳು.

ಉಪಜಿಲ್ಲೆಯಲ್ಲಿ ಸರ್ ಕೊಟ್ಟ ಕತೆಯನ್ನೇ ಬರೆದೆ, ಮೊದಲ ಸ್ಥಾನ ಬಂತು. ಶಾಲೆಯ ಅಸೆಂಬ್ಲಿಯಲ್ಲಿ ಚಪ್ಪಾಳೆ. ಸರ್ ತಮ್ಮ ಲೆಕ್ಕದಲ್ಲಿ ಇಡೀ ತರಗತಿಗೆ ಬನ್ನು ಕೊಡಿಸಿದರು. ಹೆಂಗಸರು ಜಗಲಿಯಲ್ಲಿ ನನ್ನನ್ನು ನಡುವೆ ಕೂರಿಸಿ, ನಮ್ಮ ಹುಡುಗಿ ನಮ್ಮ ಹುಡುಗಿ ಎಂದರು. ಗೆದ್ದ ಕತೆಯನ್ನು ಹೇಳು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ಚಪ್ಪಾಳೆಯ ನಡುವೆ ಹಲ್ಲು ಕಚ್ಚಿಕೊಂಡು ನಿಂತಿದ್ದೆ, ಎಲ್ಲರೂ ಅದನ್ನು ವಿನಯ ಎಂದು ತಿಳಿದರು.

ಜಿಲ್ಲಾ ಕಲೋತ್ಸವಕ್ಕೆ ಸರ್ ಜೊತೆಯಲ್ಲೇ ಬಸ್ಸಿನಲ್ಲಿ ಹೋದೆ. ಕೋಣೆಯಲ್ಲಿ ಬೋರ್ಡಿನ ಮೇಲೆ ವಿಷಯ ಬರೆದರು: ‘ಮರಳಿ ಮನೆಗೆ’. ಬೇಕೆಂದು ಹಾಕಿದ ಹಾಗೆ! ಬೋರ್ಡು ಕೂಡ ಸರ್ ಕಡೆ ಸೇರಿಕೊಂಡಿತ್ತು. ಒಂದಕ್ಷರ ತಿರುವುವ ಕೆಲಸವಿಲ್ಲ, ಕಲಿತದ್ದನ್ನು ಹಾಗೇ ಇಳಿಸಿದರೆ ರಾಜ್ಯಕ್ಕೆ ಹೋಗುವುದು ಖಂಡಿತ. ಬರೆಯಲು ಸುರು ಮಾಡಿದೆ. ಸೊಸೆ ಬಸ್ಸು ಹತ್ತಿದಳು, ಕೂತಳು, ಸೊಂಟಕ್ಕೆ ಏನೋ ಒತ್ತಿತು. ಆ ವಾಕ್ಯದ ಹತ್ತಿರ ಬಂದಾಗ ಪೆನ್ನು ನಿಲ್ಲಿಸಿದೆ. ಇದು ನನ್ನದು. ಇದರ ಹಿಂದಿನದೂ ನನ್ನದಾಗಿತ್ತು, ಮುಂದಿನದೂ ನನ್ನದಾಗಬೇಕಿತ್ತು. ಇಳಿಯಬೇಡ ಎಂದು ಅವಳಿಗೆ ಹೇಳಿದೆ. ಟಾರ್ಪಾಲಿನ ಕಿಟಕಿ ಬಂತು, ಅವಸರದ ಅತ್ತೆ ಬಂದಳು, ಕಿಟಕಿಯ ಸರಳು ಅಲ್ಲಾಡಿಸುವ ನಾದಿನಿ ಬಂದಳು. ಮನೆಗೆ ಮರಳಿದವರು ಅವರು, ಒಳಗೆ ಹೋಗಲಾರದವರೂ ಅವರೇ. ವಿಷಯಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವುದು ಯಾವುದು ಎಂದು ನನಗೆ ಈಗಲೂ ತಿಳಿಯುವುದಿಲ್ಲ. ಬೆಲ್ಲು ಹೊಡೆಯುವಾಗ ಅವಳು ಬಸ್ಸಿನಲ್ಲೇ ಇದ್ದಳು. ಹಾಳೆ ಕೊಟ್ಟು ಹೊರಗೆ ಬಂದೆ. ಅಷ್ಟು ಹಗುರ ನಾನು ಯಾವತ್ತೂ ಆಗಿರಲಿಲ್ಲ.

ಸಂಜೆ ಫಲಿತಾಂಶದಲ್ಲಿ ನನಗೆ ಸ್ಥಾನ ಇರಲಿಲ್ಲ. ಸರ್ ತೀರ್ಪುಗಾರರಲ್ಲಿ ಒಬ್ಬರನ್ನು ಹುಡುಕಿಕೊಂಡು ಹೋಗಿ ಕೇಳಿ ಬಂದರು. “ವಿಷಯ ಬಿಟ್ಟು ಬರೆದಿದ್ದಾಳಂತೆ. ಮನೆಗೆ ಮರಳಲೇ ಇಲ್ವಂತೆ,” ಎಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ತಿರುಗಿ ಬರುವಾಗ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಒಮ್ಮೆಯೂ ಹಿಂದೆ ನೋಡಲಿಲ್ಲ. ಬಂದ್ಯೋಡಿನಲ್ಲಿ ನಾನು ಇಳಿಯುವಾಗ ಮಾತ್ರ, “ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ, ಅಲ್ವಾ?” ಎಂದರು. ಅವರ ಮುಖದಲ್ಲಿ ನಿಜವಾದ ದುಃಖ ಇತ್ತು. ಇಷ್ಟು ಒಳ್ಳೆಯವರು ಇಷ್ಟು ಹತ್ತಿರ ಕೂತು ಓದಿಯೂ ನನ್ನ ಕತೆಯನ್ನು ಓದಲಿಲ್ಲ ಎಂದು ನನಗೆ ಕಿರುಚಬೇಕು ಅನ್ನಿಸಿತು.

ಮನೆಯಲ್ಲಿ ಜಗಲಿ ತುಂಬ ಹೆಂಗಸರು ಕಾಯುತ್ತಿದ್ದರು. ಬೀಗದ ಕೈಗೆ ಹೊಟ್ಟೆ ಹಿಡಿದು ನಕ್ಕವರೇ ಎಲ್ಲರೂ. ಹೇಗೆ ಬರೆದೆ ಎಂದು ಹೇಳಿದಾಗ ಒಬ್ಬರೂ ನಗಲಿಲ್ಲ. “ನಮ್ಮ ಹತ್ರ ಹೇಳಿದ ಹಾಗೆ ಅಲ್ಲಿ ಬರೀಲಿಕ್ಕೆ ಆಗ್ತದಾ, ಮಾರಾಯ್ತಿ?” ಎಂದು ಒಬ್ಬರು ಬುದ್ಧಿ ಹೇಳಿದರು. ಅಮ್ಮ ಎದ್ದು ಒಳಗೆ ಹೋಗಿ ಚಾ ಇಟ್ಟಳು. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ನನಗೆ ಅವಳ ಮೇಲೆ.

ಆಮೇಲೆ ನಾನು ಕತೆ ಬರೆಯಲಿಲ್ಲ. ಪಣ ತೊಟ್ಟು ಬಿಟ್ಟದ್ದಲ್ಲ. ಪ್ರತಿ ಸಲ ಪೆನ್ನು ಹಿಡಿದಾಗಲೂ ಸಂದೇಶ ಎಂತ ಎಂದು ಸರ್ ಒಂದು ಕಿವಿಯಲ್ಲಿ ಕೇಳುತ್ತಿದ್ದರು, ದಾಟು ದಾಟು ಎಂದು ಹೆಂಗಸರು ಇನ್ನೊಂದು ಕಿವಿಯಲ್ಲಿ. ಎರಡು ಮಾತು ಬರೆಯುವುದರೊಳಗೆ ಮೂರು ತಿದ್ದುತ್ತಿದ್ದೆ. ಅಷ್ಟರಲ್ಲಿ ಮನೆಗೆ ಟೀವಿಯೂ ಬಂತು. ಹೆಂಗಸರು ತಡ್ಪೆಯನ್ನು ಜಗಲಿಯಿಂದ ಒಳಕೋಣೆಗೆ ಒಯ್ದರು. ಪತ್ರಿಕೆ ನಿಂತಿತು. ಟೀವಿಯ ಸೊಸೆಯಂದಿರೂ ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಬರುತ್ತಿದ್ದರು, ಅವರನ್ನು ದಾಟು ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಓದುವವಳು ಯಾರಿಗೂ ಬೇಡವಾದಳು. ಮುಂದೆ ಬೀಡಿಯ ಕೆಲಸವೂ ಕಡಿಮೆಯಾಯಿತು. ನಾನು ಬಂದ್ಯೋಡಿನ ಒಂದು ಕಂಪ್ಯೂಟರ್ ಸೆಂಟರಿಗೆ ಸೇರಿದೆ. ಬೇರೆಯವರ ಅರ್ಜಿಗಳನ್ನು ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ತುಂಬಿಸುವ ಕೆಲಸ. ನನ್ನ ಬರವಣಿಗೆ ತುಂಬ ನೀಟು ಎಂದು ಜನ ಹೊಗಳುತ್ತಾರೆ.

ಎರಡು ಸಾವಿರದ ಇಪ್ಪತ್ತೆರಡರ ಒಂದು ಭಾನುವಾರ ತಾಯಿಮನೆಗೆ ಹೋಗಿದ್ದೆ. ನನಗೆ ಆಗ ಮದುವೆಯಾಗಿ ಗಂಡನ ಮನೆ ಎರಡು ಸ್ಟಾಪು ಆಚೆ. ಅಣ್ಣ ಗಲ್ಫಿನಲ್ಲಿ, ಅತ್ತಿಗೆ ಮತ್ತು ಮಗಳು ಅಮ್ಮನ ಜೊತೆಗೆ. ಆ ಮಗಳು ನಾನು ಓದಿದ ಶಾಲೆಯಲ್ಲೇ ಒಂಬತ್ತನೆಯ ತರಗತಿ. ಕನ್ನಡಕ್ಕೆ ಅದೇ ಸರ್, ಮುಂದಿನ ವರ್ಷ ನಿವೃತ್ತಿ. ನಾನು ಅಡುಗೆಕೋಣೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದೆ. ಹುಡುಗಿ ಜಗಲಿಯಲ್ಲಿ ಅತ್ತಿತ್ತ ನಡೆಯುತ್ತಾ ಎಂಥದೋ ಬಾಯಿಪಾಠ ಮಾಡುತ್ತಿದ್ದಳು. ಇತಿಹಾಸವೋ ವಿಜ್ಞಾನವೋ ಇರಬೇಕೆಂದು ನಾನು ಕಿವಿ ಕೊಡಲಿಲ್ಲ. ಆಗ ಬಂತು, “ಕೂತಾಗ ಸೊಂಟಕ್ಕೆ ಏನೋ ಒತ್ತಿತು. ಮುಟ್ಟಿ ನೋಡಿದರೆ ಮನೆಯ ಬೀಗದ ಕೈ.”

ಕತ್ತಿ ಅಲ್ಲೇ ಬಿಟ್ಟು, ಮೀನಿನ ಕೈಯಲ್ಲೇ ಹೊರಗೆ ಬಂದೆ. “ಎಂತ ಅದು?”

“ಕಲೋತ್ಸವಕ್ಕೆ, ಅತ್ತೆ. ಸರ್ ಕೊಟ್ಟದ್ದು. ಯಾವ ವಿಷಯ ಕೊಟ್ರೂ ಆಗ್ತದಂತೆ.” ಅವಳ ಕೈಯಲ್ಲಿ ಟೈಪ್ ಮಾಡಿದ ಹಾಳೆ ಇತ್ತು. “ಎಲ್ಲ ವರ್ಷವೂ ಇದೇ ಕೊಡುವುದು. ಇದರಲ್ಲಿ ತುಂಬ ಜನಕ್ಕೆ ಎ ಗ್ರೇಡ್ ಬಂದದ್ದುಂಟು.”

ಎಲ್ಲ ವರ್ಷವೂ! ನಾನು ಬರೆಯದೆ ಕೂತ ಅಷ್ಟೂ ವರ್ಷ ನನ್ನ ಹೆಂಗಸು ಒಬ್ಬೊಬ್ಬ ಮಗುವಿನ ಬಾಯಲ್ಲೂ ಬಸ್ಸಿನಿಂದ ಇಳಿದು, ಅಂಗಳಕ್ಕೆ ಬಂದು, ಬೀಗದ ಕೈ ಕೊಟ್ಟಿದ್ದಳು. ಮಳೆಯಲ್ಲಿ ಕೊಟ್ಟಿದ್ದಳು, ಮಾವಿನ ಮರದ ನೆರಳಿನಲ್ಲಿ ಕೊಟ್ಟಿದ್ದಳು. ನನ್ನಂತೆ ಪೆನ್ನು ಹಿಡಿದು ಬಂದ ಎಷ್ಟು ಮಕ್ಕಳ ಕತೆಯ ಮೇಲೆ ಇವಳನ್ನು ಕೂರಿಸಿದರೋ!

ಗೋಡೆಗೆ ಒರಗಿ ಕೂತಿದ್ದ ಅಮ್ಮ ತಲೆ ಎತ್ತಿದಳು. ಈಗ ಅವಳಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. “ಉಂದು ನಿನ್ನ ಕತೆ ಅತ್ತಾ?” ಎಂದು ಕೇಳಿದಳು. ಇದು ನಿನ್ನ ಕತೆ ಅಲ್ವಾ? ಮತ್ತೆ ಮೊಮ್ಮಗಳ ಕಡೆ ತಿರುಗಿ ಹೇಳಿದಳು, “ಅವಳು ಬೀಗದ ಕೈ ಕೊಡುವುದಿಲ್ಲ. ಮಾಸ್ಟ್ರು ತಪ್ಪು ಬರೆದಿದ್ದಾರೆ. ಅತ್ತೆಗೆ ಒಳಗೆ ಹೋಗ್ಬೇಕು, ಅವಸರ, ಗಂಡ ಹೆಸರು ಹಿಡಿದು ಕರೀತಾನೆ, ಆದ್ರೂ ಕೊಡುವುದಿಲ್ಲ.”

ಒಂದೂ ಬಿಟ್ಟಿರಲಿಲ್ಲ. ಎಲ್ಲವೂ ಅವಳ ಹತ್ತಿರ ಇತ್ತು. “ನಿಂಗೆ ನೆನಪಿತ್ತಾ?” ಎಂದೆ. ನನ್ನ ಸ್ವರ ಜೋರಾಯಿತು. “ಹಾಗಾದ್ರೆ ಅವತ್ತು ಯಾಕೆ ಹೇಳ್ಲಿಲ್ಲ? ನಿನ್ನದೇ ಸರಿ ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ ನೀನು?”

“ಮಾಸ್ಟ್ರು ಹೇಳಿದ ಮೇಲೆ ನಾನೆಂತ ಹೇಳುವುದು? ನಂಗೆ ಅಕ್ಷರ ಬರ್ತದಾ?” ಎಂದಳು ಅಮ್ಮ. ಕ್ಷಮೆ ಕೇಳುವ ಸ್ವರವಲ್ಲ. ಇಷ್ಟೂ ಗೊತ್ತಿಲ್ವಾ ನಿನಗೆ ಎಂಬ ಸ್ವರ. ಆಮೇಲೆ, “ಬರುವ ವಾರ ಹೇಳ್ತೇನೆ ಅಂತ ಹೇಳಿದ್ದಿ. ಮತ್ತೆ ಹೇಳ್ಲೇ ಇಲ್ಲ,” ಎಂದಳು.

ಹುಡುಗಿ ಹಾಳೆಯನ್ನು ಮಡಚಿ ಹಿಡಿದುಕೊಂಡಿದ್ದಳು. ಕಣ್ಣು ಅಗಲವಾಗಿತ್ತು. “ಅತ್ತೆ, ಬೀಗದ ಕೈ ಕೊಡದಿದ್ರೆ ಅವಳು ಎಲ್ಲಿಗೆ ಹೋದ್ಲು? ಎಂತ ಆಯ್ತು ಮತ್ತೆ?”

ದಾಟು ಎನ್ನುವವರು ಇರಲಿಲ್ಲ, ತಿದ್ದುವವರು ಇರಲಿಲ್ಲ, ಬೆಲ್ಲು ಹೊಡೆಯುವವರೂ ಇರಲಿಲ್ಲ. ಅಮ್ಮ ಮತ್ತು ಮಗು ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಇಷ್ಟು ವರ್ಷ ಯಾರ ಯಾರ ಮೇಲೋ ಹರಿಹಾಯುತ್ತಾ ಕಾದದ್ದು ಇದಕ್ಕೇ ಅಲ್ಲವೇ? “ಅವಳು,” ಎಂದೆ. ಬಸ್ಸು ಕಂಡಿತು, ಟಾರ್ಪಾಲಿನ ಕಿಟಕಿ ಕಂಡಿತು. ಆಮೇಲಿನದ್ದು ಕಾಣಲಿಲ್ಲ. “ಅವಳು,” ಎಂದು ಇನ್ನೊಮ್ಮೆ ಅಂದೆ. ಹುಡುಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಹಾಳೆ ಬಿಡಿಸಿ, ಮೊದಲಿನಿಂದ ಓದಲು ಸುರು ಮಾಡಿದಳು.